ಅಗಸ್ತ್ಯ ಇಲ್ಲಿ ಒಂದು ಮುಷ್ಟಿ ಕೆಳಗೆ: ಬೆಂಗಳೂರಿನಿಂದ ನಾಗಪುರದವರೆಗೆ ಆಕಾಶ ಅಳೆದ ಕಥೆ

ವಿಡಿಯೋದಲ್ಲಿ ಆತುರಾತುರವಾಗಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬರೀತಿದ್ದೀನಿ. ಲೆಕ್ಕಗಳನ್ನೂ ಸೇರಿಸಿದ್ದೀನಿ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಅಮ್ಮ ನಾಗಪುರಕ್ಕೆ ಬಂದಿದ್ದರು. ಇಲ್ಲಿ ಲಕ್ಷ್ಮೀ ನಗರದಲ್ಲಿ ನಮ್ಮದು ಮೂರನೇ ಮಹಡಿ, ಅದರ ಮೇಲೆ ಟೆರೇಸ್. ಊಟ ಮುಗಿಸಿ, ಒಂಬತ್ತು ಗಂಟೆಯ ಹೊತ್ತಿಗೆ ಮೇಲೆ ಹೋಗಿ ನಿಂತಾಗ ಅಮ್ಮ ದಕ್ಷಿಣಕ್ಕೆ ತಿರುಗಿ, "ಅಗಸ್ತ್ಯ ಯಾಕೋ ಇಲ್ಲಿ ಇಷ್ಟು ಕೆಳಗೆ ಇಳಿದುಬಿಟ್ಟಿದಾನೆ?" ಅಂದರು. ಲುಬ್ಧಕದ ಕೆಳಗೆ, ದಕ್ಷಿಣದಲ್ಲಿ ಹೊಳೆಯುವ ಆ ಅಗಸ್ತ್ಯ ನಕ್ಷತ್ರವನ್ನ ನಮ್ಮ ಬೆಂಗಳೂರಿನ ಮನೆಯ ಮೇಲಿಂದ ಅವರು ಎಷ್ಟೋ ವರ್ಷ ನೋಡಿದ್ದಾರೆ. ಅಲ್ಲಿ ಅದು ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಆರಾಮಾಗಿ ಕಾಣುತ್ತಿತ್ತು. ಇಲ್ಲಿ ಬೇವಿನ ಮರದ ತುದಿಗೆ ತಾಗಿಕೊಂಡಿತ್ತು.

ಎಂ.ಟೆಕ್ ಮಾಡಿದ ಮಗ ತಕ್ಷಣ ಉತ್ತರ ಹೇಳಬೇಕಿತ್ತು. ನಾನು, "ಪೊಲ್ಯೂಷನ್ ಇರಬೇಕಮ್ಮ" ಅಂದೆ. ಆಮೇಲೆ ನಾಚಿಕೆಯಾಗಿ ಕೂತು ಲೆಕ್ಕ ಹಾಕಿದೆ. ಕೈಯನ್ನ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಅಗಸ್ತ್ಯ ಬೆಂಗಳೂರಿನಲ್ಲಿ ಅತಿ ಎತ್ತರಕ್ಕೆ ಬಂದಾಗ ದಿಗಂತದಿಂದ 24 ಡಿಗ್ರಿ, ಅಂದ್ರೆ ಎರಡೂವರೆ ಮುಷ್ಟಿ. ನಾಗಪುರದಲ್ಲಿ 16 ಡಿಗ್ರಿ, ಒಂದೂವರೆ ಮುಷ್ಟಿ. ಅದೇ ಹೊತ್ತಿಗೆ ಉತ್ತರದಲ್ಲಿ ಧ್ರುವ ನಕ್ಷತ್ರ ಅಷ್ಟೇ ಮೇಲೆ ಏರಿರುತ್ತದೆ: ಬೆಂಗಳೂರಿನಲ್ಲಿ 13, ಇಲ್ಲಿ 21. ನಕ್ಷತ್ರ ಇದ್ದಲ್ಲೇ ಇದೆ. ಕೆಲಸ ಹುಡುಕಿಕೊಂಡು ಉತ್ತರಕ್ಕೆ ಬಂದವರು ನಾವು, ನಮ್ಮ ಕಾಲ ಕೆಳಗಿನ ನೆಲ ಬಾಗಿದೆ. ಅಮ್ಮ ಬರಿಗಣ್ಣಿನಲ್ಲಿ ಕಂಡದ್ದು ಭೂಮಿಯ ಗುಂಡುತನವನ್ನ.

ಖಗೋಳಶಾಸ್ತ್ರಕ್ಕೆ ಒಳಹೋಗೋಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಆಕಾಶ ನಮಗೆ ಕೊಡೋದು ಬೆಳಕು ಮತ್ತು ಕೋನ. ಯಾವ ದಿಕ್ಕಿನಲ್ಲಿದೆ, ಎಷ್ಟು ಪ್ರಕಾಶ, ಯಾವ ಬಣ್ಣ, ಇದೆಲ್ಲ ನೋಡಿದರೆ ಸಿಗುತ್ತದೆ. ಎಷ್ಟು ದೂರ ಅನ್ನೋದು ನೋಡಿದ ಮಾತ್ರಕ್ಕೆ ಸಿಗೋದಿಲ್ಲ. ಚಂದ್ರ, ಗುರು, ಅಗಸ್ತ್ಯ ಎಲ್ಲರೂ ಒಂದೇ ಕರಿ ಚಾವಣಿಗೆ ಅಂಟಿಸಿದ ಹಾಗೇ ಕಾಣುತ್ತಾರೆ. ದೂರವನ್ನ ನಾವು ಬೇರೆ ಕಡೆಯಿಂದ ಸಂಪಾದಿಸಬೇಕು. ಆ ಸಂಪಾದನೆ ಶುರುವಾಗೋದು ನೆಲದ ಮೇಲೆ. ಅದರಲ್ಲೂ ಒಂದು ದೊಡ್ಡ ಅಧ್ಯಾಯ ನಡೆದದ್ದು ದೀಪಾವಳಿಗೆ ನಾವು ಕಾರಿನಲ್ಲಿ ಓಡಾಡುವ ಈ ಬೆಂಗಳೂರು–ನಾಗಪುರದ ನಡುವೆಯೇ.

ಮೊದಲು ಒಂದು ಕೋಲಿನ ಪ್ರಯೋಗ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ನಾನು ಒಂದು ತಪ್ಪು ಮಾಡಿದೆ, ಆ ತಪ್ಪೇ ಈ ಲೇಖನಕ್ಕೆ ಕಾರಣ.

ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರೋದಿಲ್ಲ. ಅದೇ ದಿನ ನಾಗಪುರದಲ್ಲಿ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಎಂಟು ಡಿಗ್ರಿಗೂ ಸ್ವಲ್ಪ ಹೆಚ್ಚು ಸರಿದಿರುತ್ತಾನೆ. (ಇಲ್ಲಿನ ಶೂನ್ಯ ನೆರಳು ಮೇ ಕೊನೆಯ ವಾರದಲ್ಲಿ.) ಕಳೆದ ಏಪ್ರಿಲ್‌ನಲ್ಲಿ ಎಚ್‌ಎಸ್‌ಆರ್ ಲೇಔಟ್‌ನಲ್ಲಿರೋ ಅಕ್ಕನಿಗೆ ಫೋನ್ ಮಾಡಿ, "ಟೆರೇಸಿಗೆ ಹೋಗಿ ಒಂದು ಬಾಟಲಿ ನಿಲ್ಲಿಸಿ ನೋಡೇ" ಅಂದೆ. "ಈ ಬಿಸಿಲಲ್ಲಾ? ನಿನಗೇನು ರಜಾನಾ ಇವತ್ತು?" ಅಂತ ಬೈದುಕೊಂಡೇ ಹೋದಳು. "ನೆರಳು ಇಲ್ಲ ಕಣೋ, ನಿಜವಾಗ್ಲೂ ಇಲ್ಲ" ಅಂತ ಕೂಗಿದಳು. ನಾನು ಇಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟಿದ್ದೆ. ನಾಗಪುರದ ಏಪ್ರಿಲ್ ಬಿಸಿಲು ಅಂದ್ರೆ ಏನು ಅಂತ ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ, ಚಪ್ಪಲಿ ಹಾಕಿದ್ರೂ ಪಾದ ಸುಡುತ್ತೆ. 12 ಗಂಟೆ 12 ನಿಮಿಷಕ್ಕೆ, ಇಲ್ಲಿನ ನಡುಮಧ್ಯಾಹ್ನಕ್ಕೆ, ನೆರಳು ಹದಿನಾಲ್ಕೂವರೆ ಸೆಂಟಿಮೀಟರ್‌ಗಿಂತ ಒಂದೆರಡು ಮಿಲಿಮೀಟರ್ ಹೆಚ್ಚು.

ಲೆಕ್ಕ ಸುಲಭ. ಮಗಳೇ ಮಾಡಿದಳು. ನೆರಳಿನಿಂದ ಕೋನ ಸುಮಾರು 8.4 ಡಿಗ್ರಿ. ಪೂರ್ತಿ ವೃತ್ತ 360 ಡಿಗ್ರಿ, ಅಂದ್ರೆ ಈ ದೂರದ ಸುಮಾರು 43 ಪಟ್ಟು. ಬೆಂಗಳೂರಿನಿಂದ ನಾಗಪುರಕ್ಕೆ ನೇರ ಉತ್ತರ ದಿಕ್ಕಿನ ದೂರ 905 ಕಿ.ಮೀ. ಅಂತ ಇಟ್ಟುಕೊಂಡರೆ ಭೂಮಿಯ ಸುತ್ತಳತೆ ಸುಮಾರು 39,000 ಕಿ.ಮೀ. ನಿಜವಾದದ್ದು 40,000. ಕೋಲು, ಟೇಪು ಮತ್ತು ಅಕ್ಕನ ಬೈಗುಳ ಇಟ್ಟುಕೊಂಡು ಮೂರು ಶೇಕಡಾ ತಪ್ಪು. ಖುಷಿಯಾಯ್ತು.

ಇದೇ ಪ್ರಯೋಗವನ್ನ ಈಜಿಪ್ಟಿನಲ್ಲಿ ಕ್ರಿ.ಪೂ. ಮೂರನೇ ಶತಮಾನದಲ್ಲಿ ಎರಟೋಸ್ಥನೀಸ್ ಮಾಡಿದ್ದ. ಅವನ ಊರುಗಳು ಸಯೀನ್ ಮತ್ತು ಅಲೆಕ್ಸಾಂಡ್ರಿಯಾ, ಕೋನ 7.2 ಡಿಗ್ರಿ. ನಮ್ಮದು ಅವನಿಗಿಂತ ಒಂದು ಡಿಗ್ರಿ ದೊಡ್ಡದು, ಇಷ್ಟರಲ್ಲಿ ನಾವೇ ಮುಂದೆ!

ಅಷ್ಟರಲ್ಲಿ ಮಗಳು ಕೇಳಿದಳು: "ಅಪ್ಪ, 905 ಎಲ್ಲಿಂದ ಬಂತು?"

ಗೂಗಲ್ ಮ್ಯಾಪ್‌ನಿಂದ ಬಂತು. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಎರಡು ಊರಿನ ಅಕ್ಷಾಂಶ ತಗೊಂಡು ನಾನೇ ಕಳೆದು, ಗುಣಿಸಿದೆ. ಗುಣಿಸಿದ್ದು ಯಾವುದರಿಂದ? ಭೂಮಿಯ ಗಾತ್ರದಿಂದ. ಅಂದ್ರೆ ಉತ್ತರವನ್ನ ಮೊದಲೇ ಪ್ರಶ್ನೆಯೊಳಗೆ ತುರುಕಿದ್ದೆ. ನಮ್ಮ ಕೆಲಸದಲ್ಲಿ ಟೆಸ್ಟ್ ಡೇಟಾ ಟ್ರೈನಿಂಗ್‌ನಲ್ಲಿ ಸೇರಿಹೋದರೆ ಹೇಗೆ ಎಲ್ಲ ಚೆನ್ನಾಗಿ ಕಾಣುತ್ತೋ ಹಾಗೆ. ರಸ್ತೆಯ ದೂರ ಬಳಸೋಣ ಅಂದ್ರೆ ಅದು 1,100 ಕಿ.ಮೀ. ಹತ್ತಿರ, ಹೈದರಾಬಾದ್ ಕಡೆಗೆ ಸುತ್ತಿ ಬರುತ್ತೆ. ಹಾಗಾದರೆ ಮ್ಯಾಪ್ ಇಲ್ಲದೆ, ಭೂಮಿಯ ಗಾತ್ರ ಮೊದಲೇ ಗೊತ್ತಿಲ್ಲದೆ, ಈ ನೆಲದ ದೂರವನ್ನ ಅಳೆದದ್ದು ಯಾರು, ಹೇಗೆ?

ವಿಲಿಯಂ ಲ್ಯಾಂಬ್‌ಟನ್. ಇಂಗ್ಲೆಂಡಿನ ಯಾರ್ಕ್‌ಷೈರ್‌ನವನು, ಬ್ರಿಟಿಷ್ ಸೈನ್ಯದ 33ನೇ ರೆಜಿಮೆಂಟಿನ ಅಧಿಕಾರಿ. ಅವನು ನಮ್ಮ ಚರಿತ್ರೆಯೊಳಗೆ ಬರೋದು ಒಳ್ಳೆಯ ಸಂದರ್ಭದಲ್ಲಿ ಅಲ್ಲ, 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ, ಟಿಪ್ಪುವಿನ ವಿರುದ್ಧ ಪಾಳಯದಲ್ಲಿ. ಆ ಏಪ್ರಿಲ್‌ನ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ಹೊರಟಿತ್ತು. ಲ್ಯಾಂಬ್‌ಟನ್ ತಲೆ ಎತ್ತಿ ನಕ್ಷತ್ರ ನೋಡಿ, ನಾವು ಉತ್ತರಕ್ಕೆ ಹೋಗುತ್ತಿಲ್ಲ, ದಕ್ಷಿಣಕ್ಕೆ, ಶತ್ರುವಿನ ಕಡೆಗೇ ಹೋಗುತ್ತಿದ್ದೇವೆ ಅಂತ ಹೇಳಿದ. ಜನರಲ್ ಮೊದಲು ಒಪ್ಪಲಿಲ್ಲ. ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರದ್ದೇ ಸರಿ ಅಂತ ಗೊತ್ತಾಯ್ತು. ನಮ್ಮ ಮನಸ್ಸು ಯಾವ ಕಡೆ ವಾಲುತ್ತೋ ಅದು ಬೇರೆ ಮಾತು. ಆದರೆ ಆ ರಾತ್ರಿ ಆಕಾಶ ಓದಲು ಬರುತ್ತಿದ್ದವನು ಒಬ್ಬ ಇದ್ದ ಅನ್ನೋದು ನಿಜ.

ಯುದ್ಧ ಮುಗಿದ ಮೇಲೆ ಕಂಪನಿಗೆ ಮೈಸೂರು ಸೀಮೆಯ ಲೆಕ್ಕ ಬೇಕಿತ್ತು. ಕಂದಾಯಕ್ಕೆ, ದಂಡು ಸಾಗಿಸೋಕೆ. ಮೆಕೆಂಜಿ ನಕ್ಷೆ ಬರೆದ, ಬುಕಾನನ್ ಬೆಳೆ, ಮಣ್ಣು, ಜನ ನೋಡುತ್ತ ತಿರುಗಿದ. ಲ್ಯಾಂಬ್‌ಟನ್ ಮುಂದಿಟ್ಟ ಪ್ರಸ್ತಾಪ ಬೇರೆ. ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳ ಜಾಲ ಹಾಸುತ್ತೇನೆ, ಅದರಿಂದ ನಿಮಗೆ ನಕ್ಷೆ, ನನಗೆ ಭೂಮಿಯ ಆಕಾರ. ಎರಡನೆಯದೇ ಅವನ ನಿಜವಾದ ಆಸೆ ಅಂತ ಅವನು ಕೆಲಸ ಮಾಡಿದ ರೀತಿ ನೋಡಿದರೆ ಗೊತ್ತಾಗುತ್ತೆ. ಆಗ ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಅಂತ ಗೊತ್ತಿತ್ತು, ಎಷ್ಟು ಚಪ್ಪಟೆ ಅನ್ನೋದು ಖಚಿತವಿರಲಿಲ್ಲ. ಅದಕ್ಕೆ ಸಮಭಾಜಕದ ಹತ್ತಿರದ ಉದ್ದನೆಯ ಅಳತೆ ಬೇಕಿತ್ತು.

ತ್ರಿಕೋನದ ಗುಟ್ಟು ಹೈಸ್ಕೂಲಿನದ್ದೇ. ಒಂದು ಬದಿ, ಎರಡು ಕೋನ ಗೊತ್ತಿದ್ದರೆ ಉಳಿದದ್ದೆಲ್ಲ ಲೆಕ್ಕದಿಂದ ಬರುತ್ತೆ. ಸಿಕ್ಕಿದ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುತ್ತ ಹೋದರೆ ಸಾಕು, ನದಿ ಕಾಡು ಎಲ್ಲ ದಾಟಿಹೋಗಬಹುದು. ನೆಲದಲ್ಲಿ ಅಳೆಯಬೇಕಾದದ್ದು ಮೊದಲ ಬದಿ ಒಂದೇ. ಅದರ ಹೆಸರು ಬೇಸ್‌ಲೈನ್. ಆದರೆ ಅದರಲ್ಲಿ ತಪ್ಪಾದರೆ ಮುಂದಿನ ಸಾವಿರ ಮೈಲಿಯೂ ಅಷ್ಟೇ ಪ್ರಮಾಣದಲ್ಲಿ ತಪ್ಪು.

ಅವನ ಮೊದಲ ಬೇಸ್‌ಲೈನ್ ಬೆಂಗಳೂರಿನಲ್ಲಿ. 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ, ಅಗರದಿಂದ ಬಾಣಸವಾಡಿ ಕಡೆಗೆ, 7.4321 ಮೈಲಿ, ಸುಮಾರು 12 ಕಿ.ಮೀ. ಎರಡು ತಿಂಗಳು ಹಿಡೀತು. ಇವತ್ತು ಸಂಜೆ ಆರಕ್ಕೆ ಔಟರ್ ರಿಂಗ್ ರೋಡಿನಲ್ಲಿ ಅದೇ ದಾರಿ ಹಿಡಿದವರಿಗೆ ಇದೇನು ಆಶ್ಚರ್ಯ ಅನ್ನಿಸೋದಿಲ್ಲ ಬಿಡಿ. ಅಕ್ಕ ಬಾಟಲಿ ನಿಲ್ಲಿಸಿದ ಟೆರೇಸಿನಿಂದ ಅಗರ ಕೆರೆ ಕಾಣುತ್ತೆ. ಇದನ್ನ ಅವಳಿಗೆ ಹೇಳಿದಾಗ, "ಅದಕ್ಕೇ ಏನೋ ಇಲ್ಲಿ ಯಾವಾಗ್ಲೂ ರಸ್ತೆ ಅಳೀತಾನೇ ಇರ್ತಾರೆ" ಅಂದಳು.

ಅಳೆದ ಸರಪಳಿಗೂ ಒಂದು ಕಥೆ ಇದೆ. 100 ಅಡಿ ಉದ್ದ, ಎರಡೂವರೆ ಅಡಿಯ 40 ಉಕ್ಕಿನ ಸರಳುಗಳನ್ನ ಜೋಡಿಸಿದ್ದು. ಮ್ಯಾಕಾರ್ಟ್ನಿ ನಿಯೋಗದ ಜೊತೆ ಚೀನಾದ ಚಕ್ರವರ್ತಿಯ ಹತ್ತಿರ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತಕ್ಕೆ ಬಂದು ಸೇರಿತ್ತು. ಹನ್ನೆರಡು ಕಿಲೋಮೀಟರ್ ಅಂದ್ರೆ ಅದನ್ನ ಸುಮಾರು 390 ಸಲ ಹಾಸಬೇಕು. ಉಕ್ಕು ಬಿಸಿಲಿಗೆ ಹಿಗ್ಗುತ್ತೆ: ಒಂದು ಡಿಗ್ರಿ ಸೆಲ್ಸಿಯಸ್‌ಗೆ ಇಡೀ ಬೇಸ್‌ಲೈನಿನಲ್ಲಿ 14 ಸೆಂಟಿಮೀಟರ್ ವ್ಯತ್ಯಾಸ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಏರಿದರೆ ಒಂದೂ ಕಾಲು ಮೀಟರಿಗಿಂತ ಹೆಚ್ಚು. ಹಾಗಾಗಿ ಸರಪಳಿಯನ್ನ ಮರದ ಪೆಟ್ಟಿಗೆಯೊಳಗೆ ಮಲಗಿಸಿ, ನೆರಳು ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಪ್ರತಿ ಸಲವೂ ಉಷ್ಣತೆ ಬರೆದುಕೊಂಡು ತಿದ್ದುಪಡಿ ಮಾಡುತ್ತಿದ್ದರು. ಟೆಲಿಸ್ಕೋಪಿನ ಚಿತ್ರ ನೋಡಿ ಖಗೋಳಶಾಸ್ತ್ರ ಅಂದುಕೊಳ್ಳುವ ನಮಗೆ ಇದು ಬೋರು ಅನ್ನಿಸಬಹುದು. ನನಗೆ ಮಾತ್ರ ಅತ್ಯಂತ ಇಷ್ಟವಾಗುವ ಭಾಗ ಇದೇ. ಯಂತ್ರ ಹೇಳಿದ್ದನ್ನ ನಂಬೋದಲ್ಲ, ಯಂತ್ರ ಯಾವಾಗ ಸುಳ್ಳು ಹೇಳುತ್ತೆ ಅಂತ ತಿಳಿದುಕೊಳ್ಳೋದು.

ಬೆಂಗಳೂರಿನದ್ದು ಪೂರ್ವಸಿದ್ಧತೆ. ಒಳ್ಳೆಯ ಉಪಕರಣಗಳು ಬಂದ ಮೇಲೆ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಹೊಸದಾಗಿ ಶುರುಮಾಡಿದ. ಅರ್ಧ ಟನ್ ತೂಕದ ಥಿಯೊಡೊಲೈಟ್, ಅಂದ್ರೆ ಕೋನ ಅಳೆಯುವ ಯಂತ್ರ, ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಗಿತ್ತು. ಏನು ಅಂತ ಗೊತ್ತಾದ ಮೇಲೆ ಅವರೇ ಮರ್ಯಾದೆಯಿಂದ ಕಳಿಸಿಕೊಟ್ಟರು. ಮದರಾಸಿನಿಂದ ತ್ರಿಕೋನಗಳನ್ನ ಬೆಂಗಳೂರಿಗೆ ತಂದು, 1804ರಲ್ಲಿ ಅವನ ಸಹಾಯಕ ಜಾನ್ ವಾರೆನ್ ಬೆಂಗಳೂರಿನಲ್ಲಿ ಮತ್ತೊಮ್ಮೆ ಬೇಸ್‌ಲೈನ್ ಅಳೆದಾಗ, ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ. ಮುನ್ನೂರು ಕಿಲೋಮೀಟರ್ ಹತ್ತಿರ ಬೆಟ್ಟ ಹತ್ತಿ ಇಳಿದು ಬಂದ ಮೇಲೆ!

ಈ ವಾರೆನ್‌ನನ್ನ ಒಂದು ನಿಮಿಷ ನೋಡಿ. ಕೋಲಾರದ ಕಡೆ ಮಾರಿಕುಪ್ಪಂ, ಊರಿಗಾಂ ಸುತ್ತ ಜನ ಮಣ್ಣು ತೊಳೆದು ಚಿನ್ನ ತೆಗೆಯೋದನ್ನ 1802ರಲ್ಲಿ ನೋಡಿ ವರದಿ ಬರೆದವನು ಇವನೇ. ಆಮೇಲೆ ಮದರಾಸು ವೀಕ್ಷಣಾಲಯದ ಖಗೋಳಜ್ಞನಾದ, ದಕ್ಷಿಣ ಭಾರತದ ಪಂಚಾಂಗ ಲೆಕ್ಕಗಳ ಬಗ್ಗೆ ಕಾಲಸಂಕಲಿತ ಅನ್ನೋ ದೊಡ್ಡ ಪುಸ್ತಕ ಬರೆದ. ಅವನು ವರದಿ ಮಾಡಿದ ಅದೇ ಕೋಲಾರದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, 1965ರಲ್ಲಿ ಆಕಾಶದ ಕಡೆಯಿಂದ ಬಂದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅದು ಇನ್ನೊಂದು ವಿಡಿಯೋ ಆಗುವಷ್ಟಿದೆ, ಇರ್ಲಿ.

ತ್ರಿಕೋನಗಳು ಮಂಗಳೂರಿನ ಕರಾವಳಿಗೆ ತಲುಪಿದಾಗ ಒಂದು ತಮಾಷೆ ಆಯ್ತು. ಹಳೆಯ ನಕ್ಷೆಗಳ ಪ್ರಕಾರ ಅಲ್ಲಿ ಪರ್ಯಾಯ ದ್ವೀಪದ ಅಗಲ 400 ಮೈಲಿ. ಲ್ಯಾಂಬ್‌ಟನ್ ಅಳೆದರೆ 360. ಗೆದ್ದ ನೆಲದಲ್ಲಿ ಕಂಪನಿ 40 ಮೈಲಿ ಕಳಕೊಂಡಿತು.

ಇಲ್ಲಿಯವರೆಗೆ ಬರೀ ನೆಲದ ಮಾತಾಯ್ತು. ಈಗ ನಕ್ಷತ್ರ. ನೆಲದ ದೂರ ಮೈಲಿಗಳಲ್ಲಿ ಸಿಕ್ಕಿತು. ಅದೇ ದೂರ ಭೂಮಿಯ ವೃತ್ತದಲ್ಲಿ ಎಷ್ಟು ಡಿಗ್ರಿ ಅನ್ನೋದು ಆಕಾಶದಿಂದ ಬರಬೇಕು. ಅಮ್ಮನ ಅಗಸ್ತ್ಯ, ನನ್ನ ಕೋಲು, ಲ್ಯಾಂಬ್‌ಟನ್‌ನ ನಕ್ಷತ್ರ ಮೂರೂ ಒಂದೇ ಕೆಲಸ ಮಾಡೋದು. ಆದರೆ ಅವನು ದಿಗಂತದ ಹತ್ತಿರದ ನಕ್ಷತ್ರ ಬಳಸಲಿಲ್ಲ. ಅಲ್ಲಿ ಗಾಳಿ ಬೆಳಕನ್ನ ಅರ್ಧ ಡಿಗ್ರಿಯವರೆಗೂ ಬಾಗಿಸುತ್ತೆ. ನೆತ್ತಿಯಲ್ಲಿ ಆ ಕಾಟ ಇಲ್ಲ. ಹಾಗಾಗಿ ಝೆನಿತ್ ಸೆಕ್ಟರ್ ಅನ್ನೋ ಐದು ಅಡಿಯ ಉಪಕರಣವನ್ನ ನೆಟ್ಟಗೆ ತೂಗುಹಾಕಿ, ನೆತ್ತಿಯ ಹತ್ತಿರ ಹಾದುಹೋಗುವ ನಕ್ಷತ್ರಗಳು ಅದರಿಂದ ಎಷ್ಟು ಸರಿದಿವೆ ಅಂತ ರಾತ್ರಿಗಟ್ಟಲೆ ನೋಡಿದ. ಒಂದೇ ನಕ್ಷತ್ರವನ್ನ ಎರಡು ಊರಿನಿಂದ ನೋಡಿ ಕಳೆದರೆ ಊರುಗಳ ನಡುವಿನ ಕೋನ. ಬೆಂಗಳೂರಿನಲ್ಲಿ ಅವನ ಈ ಠಾಣೆ ಇದ್ದದ್ದು ದೊಡ್ಡಗುಂಟದಲ್ಲಿ, ಕಾಕ್ಸ್ ಟೌನ್ ಹತ್ತಿರ.

ಎಷ್ಟು ಸೂಕ್ಷ್ಮ ಬೇಕು? ಒಂದು ಡಿಗ್ರಿಯನ್ನ 3,600 ಭಾಗ ಮಾಡಿದರೆ ಒಂದು ಭಾಗಕ್ಕೆ ಆರ್ಕ್ ಸೆಕೆಂಡ್ ಅಂತಾರೆ. ನಕ್ಷತ್ರದಲ್ಲಿ ಒಂದು ಆರ್ಕ್ ಸೆಕೆಂಡ್ ತಪ್ಪಿದರೆ ನೆಲದಲ್ಲಿ 31 ಮೀಟರ್ ತಪ್ಪು. ನನ್ನ ಕೋಲಿನ ನೆರಳು ಮೂರು ಮಿಲಿಮೀಟರ್ ಹೆಚ್ಚಾದದ್ದಕ್ಕೆ 600ಕ್ಕಿಂತ ಹೆಚ್ಚು ಆರ್ಕ್ ಸೆಕೆಂಡ್ ತಪ್ಪಾಗಿತ್ತು!

ಇಲ್ಲೇ ಅವನಿಗೆ ಒಂದು ಬಗ್ ಸಿಕ್ಕಿತು. ಬೆಂಗಳೂರಿನ ಸುತ್ತಿನ ಅಳತೆಗಳಲ್ಲಿ ಒಂದು ಡಿಗ್ರಿಯ ಉದ್ದ ನಿರೀಕ್ಷೆಗೆ ಹೊಂದಲಿಲ್ಲ. ನೆಲದ ಅಳತೆ ಸರಿ, ನಕ್ಷತ್ರ ನೋಡಿದ್ದೂ ಸರಿ. ಕೊನೆಗೆ ಅವನ ಅನುಮಾನ ಹೋದದ್ದು ಯಾರೂ ಅನುಮಾನಿಸದ ವಸ್ತುವಿನ ಮೇಲೆ, ತೂಗುಗುಂಡಿನ ಮೇಲೆ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ದಾರ ಕಟ್ಟಿ ಇಳಿಬಿಡ್ತಾರಲ್ಲ, ಅದೇ. ನೆತ್ತಿ ಯಾವುದು ಅಂತ ಹೇಳೋದು ಅದು. ನೆಲದೊಳಗೆ ಎಲ್ಲೋ ಸಾಂದ್ರವಾದ ಅದಿರಿನ ಪದರ ಇದ್ದು ಅದು ಗುಂಡನ್ನ ಪಕ್ಕಕ್ಕೆ ಎಳೆಯುತ್ತಿರಬೇಕು ಅಂತ ಅವನು ಊಹಿಸಿದ. ದಾರವೇ ವಾಲಿದರೆ ಆಕಾಶ ಪೂರ್ತಿ ವಾಲಿದ ಹಾಗೆ ಕಾಣುತ್ತೆ. ಇದಕ್ಕೆ ಪರಿಹಾರ ಒಂದೇ: ಗೆರೆಯನ್ನ ಉದ್ದ ಮಾಡುತ್ತ ಹೋಗು, ಸ್ಥಳೀಯ ತಪ್ಪುಗಳು ಉದ್ದದಲ್ಲಿ ಕರಗಲಿ.

ಮುಂದೆ ಐವತ್ತು ವರ್ಷದ ಮೇಲೆ ಇದೇ ಬಗ್ ಹಿಮಾಲಯದ ಬುಡದಲ್ಲಿ ದೊಡ್ಡದಾಗಿ ಬಂತು. ಕಲಿಯಾನ ಮತ್ತು ಕಲಿಯಾನ್‌ಪುರ ಅನ್ನೋ ಎರಡು ಠಾಣೆಗಳ ನಡುವೆ ನಕ್ಷತ್ರದ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ 5.2 ಆರ್ಕ್ ಸೆಕೆಂಡ್ ವ್ಯತ್ಯಾಸ. ಹಿಮಾಲಯದ ಸೆಳೆತ ಇರಬೇಕು ಅಂತ ಪ್ರಾಟ್ ಲೆಕ್ಕ ಹಾಕಿದರೆ ಸುಮಾರು 16 ಬರಬೇಕಿತ್ತು. ಅಂದ್ರೆ ಬೆಟ್ಟ ಕಾಣುವಷ್ಟು ಭಾರ ಎಳೆಯುತ್ತಿಲ್ಲ. ಬೆಟ್ಟಗಳ ಅಡಿಯಲ್ಲಿ ಹಗುರವಾದ ಬೇರು ಇದೆ, ಅವು ತೇಲುತ್ತಿವೆ ಅನ್ನೋ ವಿಚಾರ ಹುಟ್ಟಿದ್ದು ಇದರಿಂದ. ನಕ್ಷತ್ರ ನೋಡಲು ಹೋಗಿ ನೆಲದೊಳಗೆ ಏನಿದೆ ಅಂತ ತಿಳಿದದ್ದು.

ಗೆರೆ ಉದ್ದ ಮಾಡಿದ. ಕನ್ಯಾಕುಮಾರಿಯ ಹತ್ತಿರದ ಪುನ್ನೈನಿಂದ ಉತ್ತರಕ್ಕೆ, ಹೆಚ್ಚುಕಡಿಮೆ 78ನೇ ರೇಖಾಂಶದ ಗುಂಟ. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಥಿಯೊಡೊಲೈಟ್ ಏರಿಸುವಾಗ ಹಗ್ಗ ಕಿತ್ತು ಯಂತ್ರ ಕಲ್ಲಿಗೆ ಬಡಿದು ಸೊಟ್ಟಗಾಯ್ತು. ಹೊಸದು ಬರಲು ವರ್ಷಗಳು ಬೇಕು. ಆರು ವಾರ ಡೇರೆಯೊಳಗೆ ಕೂತು ಆ ಚಕ್ರವನ್ನ ಕೂದಲಿನಷ್ಟು ಕೂದಲಿನಷ್ಟಾಗಿ ಎಳೆದು ಸರಿಮಾಡಿದ. ಆಮೇಲೆ ಗುತ್ತಿ, ಆಮೇಲೆ ಬೀದರ್‌ನ ಆಚೆ ನಿಜಾಮರ ಸೀಮೆಯ ದಾಮರಗಿದ್ದ. 1818ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕ: ಪುನ್ನೈನಿಂದ ದಾಮರಗಿದ್ದದವರೆಗೆ 9 ಡಿಗ್ರಿ 53 ನಿಮಿಷ 45.2 ಸೆಕೆಂಡ್. ಆ ಪಟ್ಟಿಯಲ್ಲಿ ದೊಡ್ಡಗುಂಟದ ಹೆಸರೂ ಇದೆ.

ಹೆಸರು ಇಲ್ಲದವರು ಎಷ್ಟೋ ಜನ. ಅರ್ಧ ಟನ್ನಿನ ಯಂತ್ರವನ್ನ ಬೆಟ್ಟದ ತುದಿಗೆ ಹೊತ್ತವರು, ಎದುರು ಬೆಟ್ಟದಲ್ಲಿ ಬಾವುಟ ಹಿಡಿದು ದಿನಗಟ್ಟಲೆ ನಿಂತವರು, ಮಳೆಗಾಲದಲ್ಲಿ ಗಾಳಿ ತೊಳೆದ ಹಾಗೆ ಇರುತ್ತೆ ಅಂತ ಆ ಹೊತ್ತಿನಲ್ಲೇ ಕಾಡಿಗೆ ಹೋಗಿ ಜ್ವರಕ್ಕೆ ಸತ್ತವರು. ತೆಲಂಗಾಣದ ಕಾಡುಗಳಲ್ಲಿ ಜಾರ್ಜ್ ಎವರೆಸ್ಟ್‌ನ ತಂಡ ಇಡೀ ತಂಡವೇ ಮಲಗಿತ್ತು. ದಾಖಲೆಯಲ್ಲಿ ಅವರು ಖಲಾಸಿ, ಲಾಸ್ಕರ್, ಕೂಲಿ ಅಷ್ಟೇ. ಲ್ಯಾಂಬ್‌ಟನ್ ಬಗ್ಗೆ ನನಗಿರುವ ಮೆಚ್ಚುಗೆಯ ಪಕ್ಕದಲ್ಲೇ ಈ ಅಸಮಾಧಾನವೂ ಇದೆ.

1823ರ ಜನವರಿ. ಅವನಿಗೆ ಸುಮಾರು ಎಪ್ಪತ್ತು ವರ್ಷ, ಕ್ಷಯ ಹಿಡಿದಿತ್ತು. ಕಚೇರಿಯನ್ನ ಹೈದರಾಬಾದಿನಿಂದ ನಾಗಪುರಕ್ಕೆ ಸಾಗಿಸಲು ಹೊರಟಿದ್ದ. ವರ್ಧಾ ಜಿಲ್ಲೆಯ ಹಿಂಗಣಘಾಟಿನಲ್ಲಿ, ನಾಗಪುರಕ್ಕೆ ಇನ್ನು 75 ಕಿಲೋಮೀಟರ್ ಇರುವಾಗ, ಡೇರೆಯಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ. ಅವನ ನಂತರ ಬಂದ ಎವರೆಸ್ಟ್‌ನ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಹೋಯ್ತು. ಹಿಂಗಣಘಾಟಿನ ಹತ್ತಿರ ಬೆಟ್ಟ ಕೂಡ ಇಲ್ಲ, ಹತ್ತಿ ಹೊಲ.

ಊರಿಗೆ ಹೋಗುವಾಗೆಲ್ಲ ನಾನು ಹಿಂಗಣಘಾಟ್ ದಾಟಿ ಹೋಗಿದ್ದೀನಿ, ಇದು ಗೊತ್ತಿಲ್ಲದೆ. ಗೊತ್ತಾದ ಮೇಲೆ ಒಮ್ಮೆ ಹೆದ್ದಾರಿಯ ಟೀ ಅಂಗಡಿಯಲ್ಲಿ ಕೇಳಿದೆ: ಲ್ಯಾಂಬ್‌ಟನ್ ಸಮಾಧಿ ಎಲ್ಲಿ ಬರುತ್ತೆ? "ಯಾವ ಕಂಪನಿ?" ಅಂತ ಹಿಂದಿಯಲ್ಲಿ ಕೇಳಿದ. ಪ್ರಶ್ನೆ ಸರಿಯಾಗೇ ಇತ್ತು. ಈಸ್ಟ್ ಇಂಡಿಯಾ ಕಂಪನಿ ಅಂತ ಹೇಳೋಕೆ ಬಾಯಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಮಗಳಿಗೆ ವಾಂತಿ ಬರುವ ಹಾಗಾಗಿ ಹುಡುಕದೆ ಹೊರಟೆವು, ನೋಡೋದು ಇನ್ನೂ ಬಾಕಿ ಇದೆ.

ನಾಗಪುರಕ್ಕೆ ಬಂದ ನೆಂಟರನ್ನ ನಾವೆಲ್ಲ ಝೀರೋ ಮೈಲ್‌ಗೆ ಕರ್ಕೊಂಡು ಹೋಗಿ, ಕಲ್ಲು ಕುದುರೆಗಳ ಪಕ್ಕ ಫೋಟೋ ತೆಗೆದು, "ಇದೇ ಭಾರತದ ನಡುಮಧ್ಯ" ಅಂತ ಹೇಳ್ತೀವಲ್ಲ. ಅದು ಲ್ಯಾಂಬ್‌ಟನ್ ಶುರುಮಾಡಿದ ಅದೇ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆಯವರು 1907ರಲ್ಲಿ ನಿಲ್ಲಿಸಿದ ಎತ್ತರದ ಗುರುತು. ಸಮುದ್ರ ಮಟ್ಟದಿಂದ 1,020.171 ಅಡಿ. ಮೂರು ದಶಾಂಶ ಸ್ಥಾನ ಗಮನಿಸಿ, ಅದು ಆ ಮನೆತನದ ಗುಣ.

ಈಗ ಈ ನೆಲದ ಅಳತೆ ಆಕಾಶಕ್ಕೆ ಹೇಗೆ ಏರುತ್ತೆ ಅಂತ ಬೇಗ ಹೇಳ್ತೀನಿ. ಲ್ಯಾಂಬ್‌ಟನ್ ಮತ್ತು ತಾನು ಅಳೆದ ಗೆರೆಯ ಆಧಾರದಿಂದ ಎವರೆಸ್ಟ್ 1830ರಲ್ಲಿ ಕೊಟ್ಟ ಭೂಮಿಯ ಸಮಭಾಜಕ ತ್ರಿಜ್ಯ ಸುಮಾರು 6,377.3 ಕಿ.ಮೀ. ಈಗ ಜಿಪಿಎಸ್ ಬಳಸುವುದು 6,378.1. ಒಂದು ಕಿಲೋಮೀಟರಿಗೂ ಕಡಿಮೆ ವ್ಯತ್ಯಾಸ. ಭೂಮಿಯ ಅಳತೆ ಸಿಕ್ಕಿದರೆ ಅದೇ ದೊಡ್ಡ ಬೇಸ್‌ಲೈನ್. ಭೂಮಿಯ ಎರಡು ಕಡೆಯಿಂದ ಚಂದ್ರನನ್ನ ನೋಡಿದರೆ ಅದು ಹಿಂದಿನ ನಕ್ಷತ್ರಗಳ ಮುಂದೆ ಜರುಗಿದ ಹಾಗೆ ಕಾಣುತ್ತೆ, ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿದಾಗ ಬೆರಳು ಜರುಗುವ ಹಾಗೆ. ಆ ಜರುಗುವಿಕೆಯಿಂದ ಚಂದ್ರನ ದೂರ. ಶುಕ್ರ ಸೂರ್ಯನ ಮುಂದೆ ಹಾದುಹೋದಾಗ, 1761, 1769, 1874, 1882ರಲ್ಲಿ, ಭೂಮಿಯ ಬೇರೆ ಬೇರೆ ಮೂಲೆಗಳಿಂದ ನೋಡಿ ಸೂರ್ಯನ ದೂರ, ಸುಮಾರು 15 ಕೋಟಿ ಕಿ.ಮೀ. ಸೂರ್ಯನ ದೂರ ಸಿಕ್ಕಿದರೆ ಭೂಮಿ ಸುತ್ತುವ ಕಕ್ಷೆಯೇ ಮುಂದಿನ ಬೇಸ್‌ಲೈನ್: ಜನವರಿಯಲ್ಲಿ ಒಂದು ಕಣ್ಣು, ಜುಲೈನಲ್ಲಿ ಇನ್ನೊಂದು. 1838ರಲ್ಲಿ ಬೆಸೆಲ್ ಹೀಗೆ ಒಂದು ಮಂಕು ನಕ್ಷತ್ರದ ಜರುಗುವಿಕೆ ಅಳೆದ, ಒಂದು ಆರ್ಕ್ ಸೆಕೆಂಡಿಗೂ ಕಡಿಮೆ. ದೂರ ಹತ್ತು ಜ್ಯೋತಿರ್ವರ್ಷಕ್ಕೂ ಹೆಚ್ಚು. ಲ್ಯಾಂಬ್‌ಟನ್ ಸತ್ತು ಹದಿನೈದೇ ವರ್ಷ. ಅಲ್ಲಿಂದ ಮುಂದೆ ಗೆಲಾಕ್ಸಿಗಳವರೆಗೂ ಹೋಗುವ ಏಣಿಯ ಪ್ರತಿ ಮೆಟ್ಟಿಲೂ ಕೆಳಗಿನ ಮೆಟ್ಟಿಲಿನ ಮೇಲೆ ನಿಂತಿದೆ.

ಬೇಸ್‌ಲೈನ್ ಅನ್ನೋ ಪದ ಇವತ್ತಿಗೂ ಖಗೋಳಜ್ಞರ ಬಾಯಲ್ಲಿದೆ. ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ದಾರಿಯಲ್ಲಿ ಮುಂದೆ ಹೋದರೆ ಗೌರಿಬಿದನೂರು. ಅಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾ ನೆಟ್ಟರು, ಪೂರ್ವ ಪಶ್ಚಿಮದ ತೋಳು 1.4 ಕಿ.ಮೀ. ಹೊಲದಲ್ಲಿ ಬಟ್ಟೆ ಒಣಹಾಕುವ ತಂತಿ ಕಟ್ಟಿದ ಹಾಗೆ ಕಾಣುತ್ತೆ, ಆದರೆ ಅದು ಟೆಲಿಸ್ಕೋಪ್. ಅದು ಹಿಡಿಯುವ ರೇಡಿಯೋ ಅಲೆಯ ಉದ್ದ ಸುಮಾರು 8.7 ಮೀಟರ್. ಅಲೆ ಉದ್ದವಾದಷ್ಟೂ ಚಿತ್ರ ಮಸುಕು, ಬೇಸ್‌ಲೈನ್ ಉದ್ದವಾದಷ್ಟೂ ಸ್ಪಷ್ಟ. 1.4 ಕಿ.ಮೀ. ಇದ್ದರೂ ಅದಕ್ಕೆ ಹತ್ತಿರ ಹತ್ತಿರ ಅರ್ಧ ಡಿಗ್ರಿ, ಹುಣ್ಣಿಮೆ ಚಂದ್ರನಷ್ಟು, ಒಂದೇ ಚುಕ್ಕೆಯಾಗಿ ಕಾಣುತ್ತೆ. ಅಮ್ಮನ ಕಣ್ಣೇ ಅದಕ್ಕಿಂತ ಚುರುಕು. ಆದರೆ ಅಮ್ಮನ ಕಣ್ಣಿಗೆ ಆ ಬೆಳಕು ಕಾಣೋದೇ ಇಲ್ಲ. ಮಹಾರಾಷ್ಟ್ರದ ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿ 30 ದೊಡ್ಡ ತಟ್ಟೆಗಳನ್ನ 25 ಕಿ.ಮೀ. ಹರಡಿದ್ದೂ ಇದೇ ಕಾರಣಕ್ಕೆ. 2019ರಲ್ಲಿ ಎಂ87 ಗೆಲಾಕ್ಸಿಯ ಕಪ್ಪುರಂಧ್ರದ ಚಿತ್ರ ಬಂತಲ್ಲ, ಅದರ ಬೇಸ್‌ಲೈನ್ ಹೆಚ್ಚುಕಡಿಮೆ ಇಡೀ ಭೂಮಿ. ಅದಕ್ಕೆ ಬೇರೆ ಬೇರೆ ಖಂಡಗಳ ಟೆಲಿಸ್ಕೋಪುಗಳು ಒಂದರಿಂದ ಒಂದು ಎಷ್ಟು ದೂರದಲ್ಲಿವೆ ಅಂತ ತುಂಬಾ ನಿಖರವಾಗಿ ಗೊತ್ತಿರಬೇಕು. ಅದೇ ಸರಪಳಿ, ಅದೇ ಥರ್ಮಾಮೀಟರ್.

ಇನ್ನು ನನ್ನ ಕೋಲಿನ ವಿಷಯ. ಮೂರು ಮಿಲಿಮೀಟರ್ ತಪ್ಪು ಎಲ್ಲಿಂದ ಬಂತು ಅಂತ ಹುಡುಕಿದೆ. ಸೂರ್ಯ ಚುಕ್ಕೆ ಅಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರ್ ಮಸುಕಾಗಿರುತ್ತೆ, ಆ ಮಸುಕಿನಲ್ಲಿ ನಾನು ತಪ್ಪು ಜಾಗಕ್ಕೆ ಗೆರೆ ಹಾಕಿದ್ದೆ. ಕೋಲು ನೆಟ್ಟಗಿದೆಯಾ ಅಂತ ನೋಡಿದ್ದು ಫೋನಿನ ಆ್ಯಪ್‌ನಲ್ಲಿ, ಅದೂ ಒಂದು ಅನುಮಾನ. ಬೆಂಗಳೂರಿನ ಇನ್ನೊಂದು ಶೂನ್ಯ ನೆರಳಿನ ದಿನ ಆಗಸ್ಟ್ 18ಕ್ಕೆ ಬರುತ್ತೆ, ಆದರೆ ಆಗ ನಾಗಪುರದ ಮಳೆಗಾಲ, ಸೂರ್ಯನನ್ನ ನಂಬೋ ಹಾಗಿಲ್ಲ. ಮುಂದಿನ ಏಪ್ರಿಲ್‌ಗೆ ಕೋಲಿನ ತುದಿಗೆ ಸಣ್ಣ ತೂತು ಮಾಡಿದ ರಟ್ಟು ಅಂಟಿಸ್ತೀನಿ. ತೂತಿನಿಂದ ನೆಲದ ಮೇಲೆ ಸೂರ್ಯನ ಪುಟ್ಟ ಬಿಂಬ ಬೀಳುತ್ತೆ, ಅದರ ನಡುವನ್ನ ಗುರುತಿಸಿದರೆ ಒಂದು ಮಿಲಿಮೀಟರಿನೊಳಗೆ ಸಿಗುತ್ತೆ. ನೆಟ್ಟಗೆ ನಿಲ್ಲಿಸೋಕೆ ಕೆಳಗಡೆ ಕಟ್ಟಡದ ಕೆಲಸ ಮಾಡ್ತಿರೋ ಮೇಸ್ತ್ರಿಯ ಹತ್ತಿರ ತೂಗುಗುಂಡು ಕೇಳಿದ್ದೀನಿ. ಅಕ್ಕನಿಗೂ ಒಂದು ರಟ್ಟು ಕಳಿಸಿದ್ದೀನಿ. ಭಾನುವಾರವಾದ್ರೆ ಮಾತ್ರ ಮಾಡ್ತೀನಿ ಅಂದಿದ್ದಾಳೆ.